ನಾಲ್ಕನೇ ಮೂಲೆಯ ಅರಿಶಿನ

"ಡಬ್ಬಿ ಎಲ್ಲಿ ಕೆಡವೀದಿ? ಖರೆ ಹೇಳು."

ಹೀಗೆ ಕೇಳುತ್ತಲೇ ಲ್ಯಾಬಿನ ಸಾಹೇಬರು ನನ್ನ ಕೈಯಿಂದ ಬೈಕಿನ ಕೀಲಿ ಕಸಿದುಕೊಂಡರು. ರಕ್ತ ಕೊಡಲು ಬಂದವರು ಬೆಂಚಿನ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ಒಬ್ಬಾಕೆ ಮಗುವಿಗೆ ಬಿಸ್ಕತ್ತು ತಿನ್ನಿಸುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡಿದಳು.

"ಎಲ್ಲೂ ಕೆಡವಿಲ್ರಿ," ಎಂದೆ.

"ಅಮೀನಗಡದ ಹತ್ರ ರಸ್ತಾ ಕೆಟ್ಟೈತಿ. ಅಲ್ಲೇ ಬಿದ್ದಿರಬೇಕು. ಬಿದ್ದ ಮ್ಯಾಲ ಟ್ಯೂಬ್ ಎಲ್ಲಾ ಹೆಂಗ ಬೇಕಾದ್ಹಂಗ ತುರುಕಿಕೊಂಡ ಬಂದಿ. ಹೌದಲ್ಲೋ?"

"ಬಿದ್ದಿದ್ರ ನನ್ನ ಮೊಳಕಾಲ ಹೇಳತಿತ್ತಲ್ರಿ."

ಬೆಂಚಿನ ಮೇಲಿದ್ದ ಮುದುಕನೊಬ್ಬ ನಕ್ಕುಬಿಟ್ಟ. ಸಾಹೇಬರಿಗೆ ಇನ್ನಷ್ಟು ಸಿಟ್ಟು ಬಂತು.

"ಏಳನೇ ಇಯತ್ತಾ ದಾಟದಾಂವ ನೀ. ನನಗ ಮಾತ ಕಲಸ್ತಿ? ಹೊರಗ ನಡಿ."

ಅವರ ಸಿಟ್ಟಿಗೆ ಕಾರಣ ನಾನು ತಂದಿದ್ದ ಎರಡು ರಿಪೋರ್ಟ್. ಎರಡೂ ನನ್ನ ಅಕ್ಕನ ರಕ್ತದ್ದು. ಒಂದು ಇದೇ ಲ್ಯಾಬಿನದು, ಅಕ್ಕನಿಗೆ ಕೀಲು ತಿನ್ನುವ ರೋಗ ಇದೆ ಎನ್ನುತ್ತಿತ್ತು. ಇನ್ನೊಂದು ಹುಬ್ಬಳ್ಳಿಯಲ್ಲಿ ಮಾಡಿಸಿದ್ದು, ಅಂಥದ್ದೇನೂ ಇಲ್ಲ ಎನ್ನುತ್ತಿತ್ತು. ಒಂದೇ ಹೆಂಗಸು, ಒಂದೇ ಮೈ, ಎರಡು ಮಾತು. ಇದು ಹೇಗೆ ಎಂದು ಕೇಳಲು ಹೋಗಿದ್ದೆ. ಕೇಳಿದ ತಪ್ಪಿಗೆ ನಾನೇ ಅಪರಾಧಿಯಾದೆ.

ನನ್ನ ಕೆಲಸ ದೊಡ್ಡದೇನಲ್ಲ. ಲ್ಯಾಬಿನವರು ಕೊಟ್ಟ ಬೈಕಿನ ಹಿಂದೆ ಐಸ್ ತುಂಬಿದ ಡಬ್ಬಿ ಕಟ್ಟಿಕೊಂಡು ಹೋಗುವುದು. ಸಣ್ಣ ದವಾಖಾನೆಗಳಲ್ಲಿ ತೆಗೆದಿಟ್ಟ ರಕ್ತದ ಟ್ಯೂಬ್‌ಗಳನ್ನು ಬಾಗಲಕೋಟೆಯ ನವನಗರದ ಲ್ಯಾಬಿಗೆ ತಂದು ಮುಟ್ಟಿಸುವುದು. ಒಂದು ದಿನ ಬಾದಾಮಿ, ಕೆರೂರಿನ ಕಡೆ. ಇನ್ನೊಂದು ದಿನ ಇಳಕಲ್, ಹುನಗುಂದದ ಕಡೆ, ಬರುವಾಗ ಶಿರೂರು. ಪ್ರತಿ ಟ್ಯೂಬಿನ ಮೇಲೂ ಹೆಸರಿನ ಚೀಟಿ ಅಂಟಿಸಿರುತ್ತಾರೆ. ಡಬ್ಬಿ ಬಿದ್ದರೆ ಟ್ಯೂಬ್ ಒಡೆಯಬಹುದು. ಒಂದರ ಚೀಟಿ ಎದ್ದು ಹೋಗಿ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆಯೇ? ಇದು ಯಾರಿಗಾದರೂ ತಿಳಿಯುತ್ತದೆ. ಸಾಹೇಬರಿಗೂ ತಿಳಿದಿತ್ತು. ಆದರೂ ಕೇಳಿದರು. ಬೆಂಚಿನ ಮೇಲಿನ ಮಂದಿಯ ಕಿವಿಗೆ ಬೀಳಲಿ ಎಂದೇ ಗಟ್ಟಿಯಾಗಿ ಕೇಳಿದರು.

ಅಕ್ಕ ಇಳಕಲ್‌ನಲ್ಲಿ ಸೀರೆ ನೇಯುತ್ತಾಳೆ. ಮನೆಯ ಪಡಸಾಲೆಯಲ್ಲೇ ಕುಣಿ ಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವುದು. ಹಾಸು ಎಂದರೆ ಮಗ್ಗಕ್ಕೆ ಕಟ್ಟುವ ಉದ್ದದ ಎಳೆಗಳು, ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಆ ಕೆಲಸ ಅವಳ ಓಣಿಯಲ್ಲಿ ಅವಳಷ್ಟು ಬೇಗ ಮಾಡುವವರು ಕಡಿಮೆ. ಅದಕ್ಕೆ ಕಣ್ಣಿಗಿಂತ ಬೆರಳ ತುದಿ ಮುಖ್ಯ. ಆ ಬೆರಳುಗಳೇ ಬೆಳಗಿನ ಹೊತ್ತು ಬಿಗಿಯತೊಡಗಿದವು. ದಸರಾ ಮುಗಿದ ಮೇಲೆ ನಮ್ಮ ಲ್ಯಾಬಿನವರೇ ಇಳಕಲ್‌ನಲ್ಲಿ ನೇಕಾರರಿಗೆ ಕೈಕಾಲು ನೋವಿನ ಶಿಬಿರ ಮಾಡಿದರು. ನಾನೇ ಅಕ್ಕನಿಗೆ ಹೋಗು ಎಂದೆ. ಅವಳು ಹೋಗಿ, ಕುರ್ಚಿಯಲ್ಲಿ ಕೂಡುವ ಮೊದಲೇ ತೋಳು ಚಾಚಿದಳು.

"ಹಾಸು ಹಂಗ ಬಿಟ್ಟ ಬಂದೇನ್ರಿ. ಮೊದ್ಲು ನಂದು ತಗೊಂಡ ಬಿಡ್ರಿ."

ಹೀಗೆ ಅವಳ ಟ್ಯೂಬ್ ಸಾಲಿನಲ್ಲಿ ಮೊದಲನೆಯದಾಯಿತು. ಅದೇ ದಿನ ಬರುವಾಗ ಶಿರೂರಿನ ದವಾಖಾನೆಯಲ್ಲಿ ಒಂದು ಟ್ಯೂಬ್ ಕೊಟ್ಟರು. ಅದು ಕೊನೆಯದು. ಈ ಮೊದಲನೆಯದು, ಕೊನೆಯದು ಎನ್ನುವುದು ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ರಿಪೋರ್ಟ್ ಬಂತು. ಶಿಬಿರದ ಡಾಕ್ಟರು ಅಕ್ಕನಿಗೆ ಹೇಳಿದರು, ನಿನ್ನ ಮೈಯನ್ನು ಕಾಯಬೇಕಾದ ರಕ್ತವೇ ನಿನ್ನ ಕೀಲುಗಳನ್ನು ಕಡಿಯುತ್ತಿದೆ, ಮಗ್ಗ ಬಿಡು, ಈ ಗುಳಿಗೆ ತಪ್ಪಿಸಬೇಡ ಎಂದು. ಅಕ್ಕನ ಗಂಡ, ನಮ್ಮ ಮಾವ, ಹೆದರಿ ಮಗ್ಗದ ಮೇಲಿನ ಹಾಸನ್ನು ಬಿಚ್ಚಿಸಿ ಎದುರು ಮನೆಯವರಿಗೆ ಕೊಟ್ಟುಬಿಟ್ಟ. ಗುಳಿಗೆ ಭಾರಿ ಜೋರಿನವು. ಅಕ್ಕನ ಮುಖ ಬಾತು ದುಂಡಗಾಯಿತು. ನಾನು ಹೋದ ದಿನ ಅವಳು ಕನ್ನಡಿ ಹಿಡಿದು ಕೂತಿದ್ದಳು.

"ಯಾರ ಮಾರಿಲೇ ಇದು? ನನ್ನ ಕುಂಕುಮ ಹಚ್ಕೊಂಡು ಕುಂತೈತಿ."

ನನಗೆ ನಗು ಬರಲಿಲ್ಲ. ಅವಳಿಗೂ ಬರಲಿಲ್ಲ.

"ಮಗ್ಗದ ಕುಣಿಯೊಳಗ ನಿಮ್ಮ ಮಾವ ಉಳ್ಳಾಗಡ್ಡಿ ಚೀಲ ಇಟ್ಟಾನ ನೋಡು," ಎಂದಳು. "ನಾ ಕಾಲ ಇಡೋ ಜಾಗಾದಾಗ."

ಹುನಗುಂದದಲ್ಲಿ ಒಬ್ಬ ವಯಸ್ಸಾದ ಡಾಕ್ಟರಿದ್ದಾರೆ. ಅವರ ದವಾಖಾನೆಯಿಂದಲೂ ನಾನು ಟ್ಯೂಬ್ ಒಯ್ಯುತ್ತಿದ್ದೆ. ಅಕ್ಕನನ್ನು ಅವರಲ್ಲಿಗೆ ಕರೆದುಕೊಂಡು ಹೋದೆ. ಅವರು ರಿಪೋರ್ಟ್ ಬದಿಗಿಟ್ಟು ಒಂದೊಂದೇ ಬೆರಳು ಒತ್ತಿ ನೋಡಿದರು.

"ಇದು ಆ ಜಡ್ಡಿನ ಕೈ ಅಲ್ಲ. ದಣದ ಕೈ ಇದು. ಇನ್ನೊಂದ ಕಡೆ ರಕ್ತಾ ತೋರಸ್ರಿ. ಗುಳಿಗಿ ಒಮ್ಮೆಲೆ ಬಿಡಬ್ಯಾಡವ್ವ, ನಾ ಹೇಳಿದಂಗ ಸ್ವಲ್ಪ ಸ್ವಲ್ಪ ಕಡಿಮಿ ಮಾಡ್ಕೋತ ಬಾ."

ಹಾಗೆ ಹುಬ್ಬಳ್ಳಿಯ ರಿಪೋರ್ಟ್ ಬಂತು. ಹಾಗೆ ನಾನು ಸಾಹೇಬರ ಮುಂದೆ ನಿಂತೆ. ಹಾಗೆ ನನ್ನ ಕೀಲಿ ಹೋಯಿತು.

ಹೊರಗೆ ನಡಿ ಎಂದದ್ದಕ್ಕೆ ನಾನು ಹೊರಗಿನ ಮೆಟ್ಟಿಲ ಮೇಲೆ ಕೂತೆ. ಮನೆಗೆ ಹೋಗಲಿಲ್ಲ. ಹೋದರೆ ಡಬ್ಬಿ ಕೆಡವಿದ್ದು ನಿಜವೇ ಎಂದಾಗುತ್ತಿತ್ತು. ಸಾಹೇಬರು ಊಟಕ್ಕೆ ಕಾರು ಹತ್ತಿ ಹೋಗುವಾಗ ನನ್ನನ್ನು ನೋಡಿಯೂ ನೋಡದವರಂತೆ ಹೋದರು. ಅವರು ಹೋದ ಮೇಲೆ ಮಷಿನ್ ನೋಡಿಕೊಳ್ಳುವ ಮೇಡಂ ಬಾಗಿಲಿಗೆ ಬಂದರು. ಅವರು ಬಾದಾಮಿಯವರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾರೆ.

"ಅಲ್ಲೇ ಕುಂತ ಏನ ಮಾಡ್ತಿ? ಒಳಗ ಬಾ," ಎಂದರು. "ನಿಮ್ಮ ಅಕ್ಕನ ರಕ್ತದ ನೀರು ಫ್ರಿಜ್‌ನ್ಯಾಗ ಇನ್ನಾ ಐತಿ. ಮಷಿನ್‌ಗೆ ಹಾಕೂದಿಲ್ಲ. ನನ್ನ ಕಣ್ಣೀಲೇ ನೋಡ್ತೇನಿ."

ಆ ಮಷಿನ್ ಏನು ಮಾಡುತ್ತದೆ ಎಂದು ಅವರು ನನಗೆ ಹಿಂದೆಯೇ ಹೇಳಿದ್ದರು. ಒಂದು ಗಾಜಿನ ಪಟ್ಟಿ. ಅದರ ಮೇಲೆ ಸಣ್ಣ ಸಣ್ಣ ದುಂಡು ಮನೆಗಳು ಸಾಲಾಗಿ. ರಕ್ತ ಹೆಪ್ಪಾದಾಗ ಬೇರೆಯಾಗಿ ನಿಲ್ಲುವ ತಿಳಿನೀರು, ಒಬ್ಬೊಬ್ಬರದು ಒಂದೊಂದು ಮನೆಗೆ ಒಂದು ಹನಿ. ಮೇಲೆ ಒಂದು ಔಷಧಿ ಹಾಕುತ್ತಾರೆ. ರೋಗ ಇದ್ದವರ ಮನೆ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ, ಇಲ್ಲದವರ ಮನೆ ಕತ್ತಲಾಗಿ ಉಳಿಯುತ್ತದೆ. ಮಷಿನ್ ಅದರ ಫೋಟೋ ತೆಗೆದು, ಎಷ್ಟನೇ ಮನೆ ಹೊಳೆಯಿತು ಎಂದು ನೋಡಿ, ಆ ಮನೆಯ ಹೆಸರಿನ ಮುಂದೆ ರೋಗ ಬರೆಯುತ್ತದೆ.

ಆದರೆ ಮಷಿನ್‌ಗೆ ಯಾವುದು ಮೊದಲನೇ ಮನೆ, ಯಾವುದು ಕೊನೆಯದು ಎಂದು ಹೇಗೆ ತಿಳಿಯಬೇಕು? ಅದಕ್ಕೆ ಗಾಜು ಇಡುವ ಬಿಳಿ ಪ್ಲಾಸ್ಟಿಕ್ ತಟ್ಟೆಯ ಮೂರು ಮೂಲೆಗೆ ಕಂಪನಿಯವರು ಮೂರು ಚುಕ್ಕೆ ಹಚ್ಚಿ ಕಳಿಸಿರುತ್ತಾರೆ. ಬರಿಗಣ್ಣಿಗೆ ಮಾಸಲು ಹಳದಿ. ನೀಲಿ ಬೆಳಕು ಬಿದ್ದರೆ ಅವೂ ಹೊಳೆಯುತ್ತವೆ. ನಾಲ್ಕನೇ ಮೂಲೆ ಬೇಕೆಂತಲೇ ಖಾಲಿ. ಆ ಖಾಲಿ ಮೂಲೆ ಎಲ್ಲಿದೆ ಎಂದು ನೋಡಿ ಮಷಿನ್ ತಟ್ಟೆಯ ತಲೆ ಯಾವ ಕಡೆ, ಕಾಲು ಯಾವ ಕಡೆ ಎಂದು ತಿಳಿದುಕೊಳ್ಳುತ್ತದೆ. ಹೀಗಾಗಿ ತಟ್ಟೆಯನ್ನು ಹಿಂದುಮುಂದಾಗಿ ದೂಡಿದರೂ ಚಿಂತೆಯಿಲ್ಲ. ಗಡಿಬಿಡಿಯಲ್ಲಿ ಯಾರೂ ಅದನ್ನು ನೋಡಿ ದೂಡುತ್ತಿರಲಿಲ್ಲ.

ಮುಂದೆ ಇದನ್ನು ಅಕ್ಕನಿಗೆ ಹೇಳಿದಾಗ ಅವಳು ಒಂದೇ ಮಾತಿನಲ್ಲಿ ಹಿಡಿದಳು.

"ಸೆರಗ ಇದ್ಹಂಗ ಅನ್ನು. ಸೆರಗ ಒಂದ ಕಡೆ ಇದ್ರ ಸೀರಿ ಯಾವ ಕಡಿಂದ ಉಡಬೇಕಂತ ತಿಳೀತೈತಿ. ಎರಡೂ ಕಡೆ ಸೆರಗ ನೇಯ್ದ್ರ?"

ಅಂದು ಮೇಡಂ ಕತ್ತಲೆ ಕೋಣೆಯಲ್ಲಿ ಅಕ್ಕನ ರಕ್ತದ ನೀರನ್ನು ಹೊಸ ಗಾಜಿನ ಮೇಲೆ ಹಾಕಿ, ಔಷಧಿ ಹಾಕಿ, ತೊಳೆದು, ಮೈಕ್ರೋಸ್ಕೋಪಿನಲ್ಲಿ ತಾವೇ ನೋಡಿದರು. ನಾನು ಬಾಗಿಲ ಹೊರಗೆ ನಿಂತಿದ್ದೆ.

"ಕತ್ಲಿ," ಎಂದರು ಒಳಗಿನಿಂದ. "ಪೂರಾ ಕತ್ಲಿ. ನಿಮ್ಮ ಅಕ್ಕಗ ಏನೂ ಇಲ್ಲ."

ನಾನು ಗೋಡೆಗೆ ಒರಗಿದೆ. ಆಮೇಲೆ ಸಿಟ್ಟು ಬಂತು. ಟ್ಯೂಬ್ ಅದೇ, ಚೀಟಿ ಅದೇ. ಹಾಗಾದರೆ ಡಬ್ಬಿಯಲ್ಲಿ ಏನೂ ಕೆಟ್ಟಿಲ್ಲ. ಕೆಟ್ಟದ್ದು ಈ ಕಟ್ಟಡದ ಒಳಗೆ.

ಮೇಡಂ ಕಂಪ್ಯೂಟರಿನಲ್ಲಿ ಆ ದಿನದ ಫೋಟೋ ತೆಗೆದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದರು.

"ಮೂಲಿ ಚುಕ್ಕಿ ಎಷ್ಟ ಅದಾವ, ಎಣಸು."

"ನಾಲ್ಕು."

"ಕಂಪನಿ ಕೊಟ್ಟಿದ್ದು ಮೂರು."

ಅವರು ತಟ್ಟೆ ತಂದು ಕಿಟಕಿಯ ಬೆಳಕಿಗೆ ಹಿಡಿದರು. ನಾಲ್ಕನೇ ಮೂಲೆಯಲ್ಲಿ ಬೆರಳು ಒತ್ತಿದಷ್ಟು ಹಳದಿ ಕಲೆ. ಒರೆಸಿದ್ದರು, ಆದರೆ ಬಣ್ಣ ಪ್ಲಾಸ್ಟಿಕ್ಕಿನೊಳಗೆ ಇಳಿದಿತ್ತು. ಊಟದ ಡಬ್ಬಿಗೆ ಹತ್ತಿದ ಬಣ್ಣದ ಹಾಗೆ.

ಆಗ ಆಯಿ ಕೆಳಗಿಳಿದು ಬಂದರು. ಆಯಿ ಎಂದರೆ ಸಾಹೇಬರ ತಾಯಿ. ಲ್ಯಾಬಿನ ಮೇಲಿನ ಮನೆಯಲ್ಲಿ ಅವರೊಬ್ಬರೇ ಇರುತ್ತಾರೆ, ಸಾಹೇಬರ ಮನೆ ಬೇರೆ ಕಡೆ. ದಿನಾ ಮಧ್ಯಾಹ್ನ ನಮಗೆ ಒಂದು ತಂಬಿಗೆ ಮಜ್ಜಿಗೆ ತಂದು ಕೊಡುತ್ತಾರೆ. ಒಳ್ಳೆಯ ಜೀವ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಅವರ ಮೇಲೆ ನನಗೆ ಒಂದು ಕಾಳಷ್ಟೂ ಸಿಟ್ಟಿಲ್ಲ.

"ಏನ್ ಇಬ್ರೂ ಹಂಗ ತಾಟ ನೋಡ್ಕೋತ ನಿಂತೀರಿ? ಊಟಾ ಬಡಸ್ಲೇನು ಅದರಾಗ?"

"ಆಯಿ, ಈ ಮೂಲಿಗೆ ಯಾರೋ ಏನೋ ಹಚ್ಚ್ಯಾರ್ರಿ," ಎಂದರು ಮೇಡಂ.

"ಯಾರೋ ಯಾಕ? ನಾನ ಹಚ್ಚೇನಿ."

ಮೇಡಂ ನನ್ನ ಕಡೆ ನೋಡಿದರು, ನಾನು ಅವರ ಕಡೆ.

"ಖಂಡೇಪೂಜಿ ದಿನ," ಎಂದರು ಆಯಿ. "ಮಷಿನ್ ಪೂಜಿ ಮಾಡೂಮುಂದ ನೋಡ್ತೇನಿ, ಮೂರ ಮೂಲಿಗೆ ಅರಿಷಿಣ ಹಚ್ಚ್ಯಾರ, ಒಂದ ಮೂಲಿ ಬೋಳ ಬಿಟ್ಟಾರ. ಯಾ ಹುಡುಗಿ ಅವಸರ ಮಾಡಿ ಮರತ್ಲೋ ಅಂತ ನಾನ ಆ ಮೂಲಿಗೂ ಹಚ್ಚಿದೆ. ಲಗ್ನಪತ್ರಿಕಿಗೆ ಮೂರ ಮೂಲಿಗೆ ಹಚ್ಚಿ ಕಳಸ್ತಾರೇನ?"

ಖಂಡೇಪೂಜೆ ಎಂದರೆ ಮಹಾನವಮಿಯಂದು ನಮ್ಮ ಕಡೆ ದುಡಿಯುವ ಸಾಮಾನಿಗೆಲ್ಲ ಮಾಡುವ ಪೂಜೆ. ನಾನು ಓಡಿಸುವ ಬೈಕಿಗೂ ಆಯಿಯೇ ಮಾಡಿದ್ದರು. ಅವರ ಕಣ್ಣಿಗೆ ಕಂಪನಿಯ ಚುಕ್ಕೆ ಅರಿಶಿನವಾಗಿ ಕಂಡಿತು. ಕಾಣದೆ ಏನು? ಬಣ್ಣ ಅದೇ, ಜಾಗ ಅದೇ. ಅರಿಶಿನವೂ ಆ ನೀಲಿ ಬೆಳಕಿನಲ್ಲಿ ಹೊಳೆಯುತ್ತದೆ ಎಂದು ಆ ಮುದುಕಿಗೆ ಹೇಗೆ ಗೊತ್ತಿರಬೇಕು? ನನಗೂ ಗೊತ್ತಿರಲಿಲ್ಲ. ಮೇಡಂ ಬೆಳಕು ಹಾಕಿ ತೋರಿಸಿದ ಮೇಲೆಯೇ ಗೊತ್ತಾಗಿದ್ದು. ನಾಲ್ಕೂ ಮೂಲೆ ಬೆಕ್ಕಿನ ಕಣ್ಣಿನ ಹಾಗೆ ಹೊಳೆದವು.

ಮೇಡಂ ಲೆಕ್ಕ ಬಿಡಿಸಿ ಹೇಳಿದರು. ನಾಲ್ಕೂ ಮೂಲೆ ಹೊಳೆದರೆ ಮಷಿನ್‌ಗೆ ತಲೆ ಕಾಲು ತಿಳಿಯುವುದಿಲ್ಲ. ತಟ್ಟೆ ನೆಟ್ಟಗೆ ಹೋದ ದಿನ ರಿಪೋರ್ಟ್ ನೆಟ್ಟಗೆ. ಹಿಂದುಮುಂದಾಗಿ ಹೋದ ದಿನ ಮೊದಲನೇ ಮನೆ ಕೊನೆಯದಾಗುತ್ತದೆ, ಕೊನೆಯದು ಮೊದಲನೆಯದಾಗುತ್ತದೆ. ಅಕ್ಕ ಮೊದಲನೇ ಮನೆ. ಅವಳ ಹೆಸರಿನ ಮೇಲೆ ಬಿದ್ದ ರೋಗ ಕೊನೆಯ ಮನೆಯವರದು.

"ಕೊನೀದು ಯಾರ್ದು?" ಎಂದೆ. ಕೇಳುವ ಮೊದಲೇ ನನಗೆ ಗೊತ್ತಿತ್ತು. ನಾನೇ ಹೊತ್ತು ತಂದ ಟ್ಯೂಬ್ ಅದು.

"ಶಿರೂರಾಕಿದು."

ಮೇಡಂ ಅದರ ನೀರನ್ನೂ ತೆಗೆದು ಕಣ್ಣಿನಿಂದ ನೋಡಿದರು. ಈ ಸಲ ನನ್ನನ್ನೂ ಕರೆದು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿಸಿದರು. ಹಸಿರು. ಮಳೆಗಾಲದ ಹೊಲದ ಹಾಗೆ ಹಸಿರು. ಆ ಹೆಂಗಸಿಗೆ ಏನೂ ಇಲ್ಲ ಎಂದು ಬರೆದು ಕಳಿಸಿದ್ದರು.

ಇಲ್ಲಿಯವರೆಗೆ ತಪ್ಪು ಎಂದೇ ಇಟ್ಟುಕೊಳ್ಳೋಣ. ಮನುಷ್ಯರು ಎಂದ ಮೇಲೆ ತಪ್ಪು ಆಗುತ್ತದೆ. ಆದರೆ ಮಷಿನ್ ಸುಮ್ಮನೆ ಕೂತಿರಲಿಲ್ಲ. ಖಂಡೇಪೂಜೆಯ ಮರುದಿನದಿಂದಲೇ ಪರದೆಯ ಮೇಲೆ ಕೆಂಪು ಅಕ್ಷರ ತೋರಿಸುತ್ತಿತ್ತು, ಮೂಲೆಯ ಗುರುತು ಸರಿಯಿಲ್ಲ, ನೋಡಿ ಎಂದು. ಮೇಡಂ ಅದನ್ನು ಸಾಹೇಬರಿಗೆ ತೋರಿಸಿದ್ದರು. ಸಾಹೇಬರು ಏನು ಹೇಳಿದ್ದರು? "ಅದನ್ನ ಒತ್ತಿ ಮುಂದ ಹೋಗ್ರಿ. ರಿಪೋರ್ಟ್ ತಡಾ ಆದ್ರ ಮಂದಿ ಬ್ಯಾರೆ ಲ್ಯಾಬಿಗೆ ಹೋಗ್ತಾರ." ಹೀಗೆ ದಿನಾ ಒತ್ತಿದರು, ದಿನಾ ಮುಂದೆ ಹೋದರು.

"ನಾನೂ ಒತ್ತೇನಿ," ಎಂದರು ಮೇಡಂ, ಪರದೆಯ ಕಡೆ ನೋಡುತ್ತಲೇ.

ಸಾಹೇಬರು ಊಟ ಮಾಡಿ ಬಂದಾಗ ಮೇಡಂ ಎಲ್ಲ ಹೇಳಿದರು. ನಾಲ್ಕು ಚುಕ್ಕೆಯ ಫೋಟೋ ತೋರಿಸಿದರು. ಸಾಹೇಬರು ಮೊದಲು ಬಾಗಿಲು ಮುಚ್ಚಿದರು. ಆಮೇಲೆ ತಾಯಿಯ ಕಡೆ ತಿರುಗಿದರು.

"ಅವ್ವಾ, ನಿನಗ ಯಾರ ಹೇಳಿದ್ರು ಅದನ್ನ ಮುಟ್ಟಂತ?"

"ಪೂಜಿ ಮಾಡು ಅಂದಾವ ನೀನ."

"ಮ್ಯಾಲ ಹೋಗು. ಇದನ್ನ ಯಾರ ಮುಂದೂ ಆಡಬ್ಯಾಡ."

ಆಯಿ ಮಜ್ಜಿಗೆಯ ತಂಬಿಗೆ ಅಲ್ಲೇ ಬಿಟ್ಟು ಮೇಲೆ ಹೋದರು. ಸಾಹೇಬರು ಕೀಲಿಯನ್ನು ಮೇಜಿನ ಮೇಲೆ ಇಟ್ಟು ನನ್ನ ಕಡೆ ದೂಡಿದರು. ದನಿ ಈಗ ಬೆಣ್ಣೆ.

"ತಮ್ಮಾ, ತಗೋ. ನಿಮ್ಮ ಅಕ್ಕಗ ಹೊಸ ರಿಪೋರ್ಟ್ ಕೊಡ್ತೇನಿ. ಆತಲ್ಲ? ನಿಮ್ಮದು ಮುಗೀತು."

"ಶಿರೂರಾಕಿದು?"

"ಅದನ್ನ ನಾ ನೋಡ್ಕೋತೇನಿ."

"ಯಾವಾಗ್ರಿ?"

"ಲ್ಯಾಬ್ ತಪಾಸಣಿ ಮಾಡೋ ಮಂದಿ ಬರೋರದಾರ. ಅವ್ರು ಬಂದು ಹೋಗ್ಲಿ. ಈಗ ಗದ್ಲಾ ಆದ್ರ ಲ್ಯಾಬ್ ಮುಚ್ಚತೈತಿ. ನಿಂದೂ ಕೆಲಸಾ ಹೋಗತೈತಿ, ಮೇಡಂದೂ ಹೋಗತೈತಿ. ತಿಳೀತೇನು?"

"ಖಂಡೇಪೂಜಿ ಆದಾಗಿಂದ ಮಾಡಿದ್ದೆಲ್ಲಾ ಮತ್ತೊಮ್ಮೆ ನೋಡಬೇಕ್ರಿ ಸರ್," ಎಂದರು ಮೇಡಂ. "ಎಲ್ಲಾರ್ದೂ ಫ್ರಿಜ್‌ನ್ಯಾಗ ಅದಾವ."

"ನಿಮ್ಮನ್ನ ಕೇಳಿಲ್ಲ ನಾ."

ನನ್ನ ತಲೆ ಆಗ ಬಿಸಿಯಾಯಿತು. ಅಕ್ಕನ ಮುಖ ಬಾತದ್ದು ಕಣ್ಣಿಗೆ ಕಾಣುತ್ತಿತ್ತು, ಅದಕ್ಕೇ ನಾನು ಕೇಳಲು ಬಂದೆ. ಶಿರೂರಿನವಳ ಪರವಾಗಿ ಯಾರು ಬರಬೇಕು? ಏನೂ ಇಲ್ಲ ಎಂದು ಬರೆದುಕೊಟ್ಟರೆ ಅದನ್ನು ಹಿಡಿದುಕೊಂಡು ಜಗಳಕ್ಕೆ ಯಾರಾದರೂ ಬರುತ್ತಾರೆಯೇ? ಸಾಹೇಬರಿಗೆ ಬೇಕಾಗಿದ್ದೂ ಅದೇ. ಕೀಲು ತಿನ್ನುವ ರೋಗ ಅವರ ತಪಾಸಣೆ ಮುಗಿಯುವವರೆಗೆ ತಿನ್ನದೆ ಕೂತಿರುತ್ತದೆಯೇ? ನಾನು ಕೀಲಿ ಮುಟ್ಟಲಿಲ್ಲ. ಹೊರಗೆ ಬಂದು ಶಿರೂರಿನ ಬಸ್ ಹತ್ತಿದೆ.

ಅವಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವಳು ಖಡಕ್ ರೊಟ್ಟಿ ಮಾಡಿ ಬಾಗಲಕೋಟೆಯ ಖಾನಾವಳಿಗಳಿಗೆ ಕಳಿಸುತ್ತಾಳೆ, ದವಾಖಾನೆಯವರೇ ದಾರಿ ತೋರಿಸಿದರು. ಒಳಗೆ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಅವಳು ಕಟ್ಟೆಯ ಮೇಲೆ ಕೂತು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬೆರಳಿನ ಗಂಟುಗಳು ಬಾತಿದ್ದವು. ಹುನಗುಂದದ ಡಾಕ್ಟರು ಅಕ್ಕನ ಕೈಯಲ್ಲಿ ಹುಡುಕಿದ್ದು ಇಲ್ಲಿತ್ತು. ನನಗೂ ಕಂಡಿತು.

"ಯಾರಪಾ ನೀ?"

"ಲ್ಯಾಬಿನಾಂವ್ರಿ ಯವ್ವಾ. ನಿಮ್ಮ ರಕ್ತಾ ಒಯ್ದಾಂವ."

"ಏನೂ ಇಲ್ಲಂತ ಬಂತಲ್ಲೋ. ಮತ್ಯಾಕ ಬಂದಿ?"

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. "ತಪ್ಪ ಆಗೇತ್ರಿ," ಎಂದೆ. "ನಿಮಗ ಜಡ್ಡೈತಿ. ಕೀಲಿಗೆ ಹತ್ತೂ ಜಡ್ಡು. ನಿಮ್ಮ ರಿಪೋರ್ಟ್ ಬ್ಯಾರೇದವ್ರ ಹೆಸರೀಗೆ ಹೋಗೇತಿ."

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಒಳಗೆ ತಿರುಗಿ ಕೂಗಿದಳು.

"ಏ ಕೇಳಿದ್ಯೇನ? ಕೇಳಿದ್ಯೇನ ಈ ಹುಡುಗ ಏನಂದಾ? ಖರೇನ ಐತಂತ! ನನಗ ಜಡ್ಡ ಖರೇನ ಐತಂತ!"

ರೊಟ್ಟಿಯ ಸಪ್ಪಳ ನಿಂತಿತು. ಸೊಸೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ರಿಪೋರ್ಟ್ ಬಂದಾಗಿಂದ ಈಕಿ ನನ್ನ ಗೂಡ ಮಾತ ಬಿಟ್ಟಾಳ," ಎಂದಳು ಅತ್ತೆ ನನಗೆ. "ಕೆಲಸಾ ತಪ್ಪಸಾಕ ನಾಟಕ ಮಾಡ್ತಾಳಂತ. ಮುಂಜಾನೆ ಚರಿಗಿ ಹಿಡ್ಯಾಕ ಆಗೂದಿಲ್ಲ ನನಗ. ಅದೂ ನಾಟಕಂತ. ಮಗಾನೂ ಹಂಗ ಅಂದಾ. ಯಾರ ಮುಂದ ಹೇಳ್ಲಿ? ಕಾಗದಾನ ಇಲ್ಲಂದ ಮ್ಯಾಲ ನನ್ನ ಮಾತ ಯಾರ ಕೇಳ್ತಾರ?"

"ನನಗೇನ ಗೊತ್ರಿ ಅತ್ತಿ," ಎಂದಳು ಸೊಸೆ. ಹಿಟ್ಟಿನ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಾಗೆಯೇ ಹಿಡಿದು ನಿಂತಳು.

"ನಂದ ಜಡ್ಡ ಯಾರ ಹೆಸರೀಗೆ ಹೋಗಿತ್ತೋ?"

"ನಮ್ಮ ಅಕ್ಕಗ್ರಿ. ಇಳಕಲ್ಲಾಗ ಸೀರಿ ನೇಯ್ತಾಳ."

"ನನ್ನ ಗುಳಿಗಿ ಆಕಿ ನುಂಗಿದ್ಲೇನು?"

"ಹೌದ್ರಿ. ಮಾರಿ ಬಾತೇತಿ."

ಅವಳು ತನ್ನ ಕೈ ನೋಡಿಕೊಂಡಳು. "ಪಾಪ," ಎಂದಳು. ಆಮೇಲೆ, "ನಾಳೆ ಮೊದಲನೇ ಬಸ್ಸಿಗೆ ಬರ್ತೇನಿ. ನಿಮ್ಮ ಸಾಹೇಬಗ ಹೇಳಬ್ಯಾಡ."

ಮರುದಿನ ಅವಳು ಬಂದಳು. ಸೊಸೆಯೂ ಬಂದಳು, ಅತ್ತೆಯ ಚೀಲ ಹಿಡಿದುಕೊಂಡು. ಬೆಂಚು ಮಂದಿಯಿಂದ ತುಂಬಿತ್ತು. ಸಾಹೇಬರು ಅವಳನ್ನು ಒಳಗಿನ ಕೋಣೆಗೆ ಕರೆದರು. ಅವಳು ಹೋಗಲಿಲ್ಲ.

"ಇಲ್ಲೇ ಹೇಳ್ರಿ. ಇಲ್ಲಂತ ಬರದಾಗ ನೀವ ನನ್ನ ಒಳಗ ಕರದಿದ್ರೇನು?"

"ಯವ್ವಾ, ನಮ್ಮ ಹುಡುಗ ದಾರ್ಯಾಗ ಡಬ್ಬಿ ಕೆಡವಿ..." ಎಂದು ಶುರು ಮಾಡಿದರು ಸಾಹೇಬರು. ನಾನು ಅಲ್ಲೇ ನಿಂತಿದ್ದೆ. ನನ್ನ ಮುಖದ ಮುಂದೆಯೇ ಹೇಳಿದರು. ಅವರಿಗೆ ನಿಜ ಗೊತ್ತಿತ್ತು, ಹಿಂದಿನ ದಿನ ಕಣ್ಣಾರೆ ಫೋಟೋ ನೋಡಿದ್ದರು. ಆದರೂ ಹೇಳಿದರು. ಅದನ್ನು ನಾನು ಮರೆಯುವುದಿಲ್ಲ.

ಅವರ ಮಾತು ಮುಗಿಯಲಿಲ್ಲ. ಆಯಿ ಮೆಟ್ಟಿಲಿನ ಮೇಲೆ ನಿಂತಿದ್ದರು.

"ಡಬ್ಬಿ ಬಿದ್ದಿಲ್ಲ," ಎಂದರು. "ತಾಟಿಗೆ ನಾ ಅರಿಷಿಣ ಹಚ್ಚೇನಿ. ಮಷಿನ್ ಕೆಂಪ ಮಾಡಿ ಹೇಳಿದ್ರೂ ಇಂವಾ ಕೇಳಿಲ್ಲ. ನನ್ನ ಮಗ ಹೇಳವಲ್ಲ, ಅದಕ್ಕ ನಾ ಹೇಳ್ತೇನಿ."

"ಅವ್ವಾ!"

"ಸುಮ್ನಿರು. ಈಕಿ ಕೈ ನೋಡು ಒಮ್ಮೆ."

ಬೆಂಚಿನ ಮಂದಿಗೆ ಏನೂ ತಿಳಿಯಲಿಲ್ಲ. ಮೇಡಂ ಹೊರಗೆ ಬಂದು ಎಲ್ಲರಿಗೂ ಕೇಳುವಂತೆ ಬಿಡಿಸಿ ಹೇಳಿದರು, ಮೂರು ಚುಕ್ಕೆ, ನಾಲ್ಕನೆಯದು, ತಲೆ ಕಾಲು ಎಲ್ಲ. ಸಾಹೇಬರು ತಡೆಯಲಿಲ್ಲ. ತಡೆದರೂ ಈಗ ಉಪಯೋಗವಿರಲಿಲ್ಲ.

ಶಿರೂರಿನವಳು ಆಯಿಯ ಹತ್ತಿರ ಹೋದಳು. ಬಡಿಯುತ್ತಾಳೋ ಏನೋ ಎಂದು ನನಗೇ ಹೆದರಿಕೆಯಾಯಿತು.

"ನಿಮ್ಮದೇನ ತಪ್ಪೈತ್ರಿ ಆಯಿ," ಎಂದಳು. "ಮೂರ ಮೂಲಿ ಕಂಡಿದ್ರ ನಾಲ್ಕನೇದ್ದಕ್ಕ ನಾನೂ ಹಚ್ತಿದ್ದೆ."

ಆಗ ಬೆಂಚಿನ ಮೇಲಿದ್ದ ಒಬ್ಬ ಎದ್ದು ಕೇಳಿದ. "ಹಂಗಾರ ನಮ್ಮವ್ವಂದೂ ಹೋದ ತಿಂಗಳ ಇಲ್ಲೇ ನೋಡಿದ್ರಲ್ರಿ. ಅದ ಹೆಂಗ?" ಅವನ ಹಿಂದೆ ಇನ್ನೊಬ್ಬಳು. ಆಮೇಲೆ ಎಲ್ಲರೂ. ಸಾಹೇಬರು ಕೈ ಎತ್ತಿ, "ನೋಡ್ತೇವ್ರಿ, ಎಲ್ಲಾರ್ದೂ ಮತ್ತೊಮ್ಮೆ ನೋಡ್ತೇವಿ," ಎಂದರು. ತಾವಾಗಿ ಹೇಳಿದ್ದಲ್ಲ. ಮಂದಿ ಎದ್ದು ನಿಂತ ಮೇಲೆ ಹೇಳಿದ್ದು. ಅಂದಿನಿಂದ ಮೇಡಂ ಫ್ರಿಜ್‌ನಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ಮತ್ತೆ ನೋಡಿದರು. ತಟ್ಟೆ ಹೊಸದು ತರಿಸಿದರು. ಶಿರೂರಿನವಳಿಗೆ ಔಷಧಿ ಶುರುವಾಯಿತು.

ಅಕ್ಕ ಅವಳಿಗೆ ಹೇಳಿ ಕಳಿಸಿದ್ದು ಇಷ್ಟು. "ಆ ಗುಳಿಗಿ ತಗೊಂಡ್ರ ಹಸಿವು ಭಾಳ ಆಗತೈತಿ. ಉಪ್ಪ ಕಡಿಮಿ ತಿನ್ನಂತ ಹೇಳು. ಕನ್ನಡಿ ನೋಡಬ್ಯಾಡಂತ ಹೇಳು."

ಅಕ್ಕನ ಮುಖ ಇಳಿದಿದೆ. ಕುಣಿಯಿಂದ ಉಳ್ಳಾಗಡ್ಡಿ ಚೀಲವನ್ನು ಅವಳೇ ಎಳೆದು ಹೊರಗೆ ಹಾಕಿದಳು. ಎದುರು ಮನೆಯವರಿಗೆ ಕೊಟ್ಟ ಹಾಸು ಹೋದದ್ದು ಹೋಯಿತು, ಅದನ್ನು ಅವರು ನೇಯ್ದು ಮುಗಿಸಿದ್ದರು. ಹೊಸ ಹಾಸು ಹಾಕಿದ್ದಾಳೆ.

ನನಗೆ ಕೀಲಿ ಮತ್ತೆ ಸಿಗಲಿಲ್ಲ. ನಾನೂ ಕೇಳಲಿಲ್ಲ. ಈಗ ಇಳಕಲ್‌ನ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲಿನ ಹಲಗೆ ಏರಿಸುವ ಇಳಿಸುವ ಕೆಲಸ. ಸಾಹೇಬರ ಲ್ಯಾಬ್ ನಡೆಯುತ್ತಿದೆ. ದವಾಖಾನೆಗಳಿಗೆ ಹೋದಾಗ ಅವರು ಈಗಲೂ ಹೇಳುವುದು ಒಂದೇ, ಹಿಂದೆ ಒಬ್ಬ ಹುಡುಗ ಡಬ್ಬಿ ಕೆಡವಿ ಗೊಂದಲ ಮಾಡಿದ್ದ, ಅವನನ್ನು ತೆಗೆದುಹಾಕಿದ್ದೇವೆ ಎಂದು. ಆ ಮಾತು ನನಗಿಂತ ಮೊದಲೇ ಊರು ಮುಟ್ಟಿದೆ. ಚಹಾದಂಗಡಿಗೆ ಹೋದರೆ ಫ್ಯಾಕ್ಟರಿಯ ಹುಡುಗರು, "ಏ ಡಬ್ಬಿ, ಇಲ್ಲಿ ಬಾರಲೇ, ಕಪ್ಪ ಕೆಡವಬ್ಯಾಡ," ಎನ್ನುತ್ತಾರೆ. ಎಲ್ಲ ಬಿಡಿಸಿ ಹೇಳಿದರೆ ನಗುತ್ತಾರೆ. ಅರಿಶಿನ ಎಂದರೆ ಇನ್ನೂ ಜೋರಾಗಿ ನಗುತ್ತಾರೆ. ಅದಕ್ಕೇ ಇಷ್ಟೆಲ್ಲ ಬರೆಸಿದೆ.

ಡಬ್ಬಿ ಬಿದ್ದಿಲ್ಲ. ಅಮೀನಗಡದಲ್ಲೂ ಬಿದ್ದಿಲ್ಲ, ಎಲ್ಲೂ ಬಿದ್ದಿಲ್ಲ. ನಾನು ಹೇಳಬೇಕಾದದ್ದು ಇಷ್ಟೇ. ಇನ್ನೇನೂ ಇಲ್ಲ.